ಮೂಲೆಯಿಂದ ಮೂಲೆಗೆ ಅರವತ್ತು ಇಂಚು

ಗಾಜಿನ ಕೆಲಸ ಮೊದಲು ಗಾಜಿನಕ್ಕನದಲ್ಲ, ಅವಳ ಗಂಡನದು. ಕಿಟಕಿಯದಿರಲಿ, ಕಪಾಟಿನದಿರಲಿ, ಅವನು ಕೊಯ್ದ ಗಾಜಿನ ಅಂಚು ನೀರಿನ ಹಾಗಿರುತ್ತಿತ್ತು. ಆಮೇಲೆ ಅವನ ಬಲಗೈ ನಡುಗತೊಡಗಿತು. ಮೊದಮೊದಲು ಲೋಟದ ಚಹಾ ತುಳುಕುತ್ತಿತ್ತು, ಅದಕ್ಕೆ ಗಂಡಹೆಂಡತಿ ಇಬ್ಬರೂ ನಕ್ಕರು. ಗಾಜು ಕೊಯ್ಯುವ ಕಟ್ಟರು ಅದರ ಮೇಲೆ ಅಂಕುಡೊಂಕಾಗಿ ಓಡಲು ಶುರುವಾದ ಮೇಲೆ ನಗು ನಿಂತಿತು. ಒಂದು ಬೆಳಿಗ್ಗೆ ಅವನು ಕಟ್ಟರನ್ನು ಅವಳ ಅಂಗೈಯಲ್ಲಿಟ್ಟು, “ತಗೊಳ್ಳೇ, ಇನ್ಮೇಲೆ ಕೈ ನಿಂದು, ಬಾಯಿ ನಂದು” ಎಂದ.

ಅಂದಿನಿಂದ ಕೊಯ್ಯುವುದು, ಹೊರುವುದು, ಕೂರಿಸುವುದು ಎಲ್ಲ ಅವಳ ಪಾಲಿಗೆ ಬಂತು. ಅವನು ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಗಿರಾಕಿಗಳ ಜೊತೆ ಹರಟುತ್ತಿದ್ದ. ಒಳಗೆ ಗೆರೆ ಎಳೆದ ಗಾಜು ಮುರಿದ ಸದ್ದು ಕೇಳಿದರೆ ತಿರುಗಿಯೂ ನೋಡದೆ, “ಸರಿಯಾಗಿ ಬಂತು ಬಿಡು” ಎನ್ನುತ್ತಿದ್ದ. ಕೆಟ್ಟಿದ್ದರೆ ಸುಮ್ಮನೆ ಕೆಮ್ಮುತ್ತಿದ್ದ. ಕೆಲವೇ ವರ್ಷಗಳಲ್ಲಿ ಬೀದಿಯವರು ಅವಳ ಸ್ವಂತ ಹೆಸರನ್ನು ಮರೆತೇಬಿಟ್ಟರು. ಗಾಜಿನಕ್ಕ ಎಂದರೆ ಎಲ್ಲರಿಗೂ ಗೊತ್ತು.

ಅವಳಿಗೆ ಅಳತೆಯೆಂದರೆ ಇಂಚು. ಹೆಬ್ಬೆರಳಿನ ಗೆಣ್ಣು ಒಂದು ಇಂಚು, ಚಾಚಿದ ಗೇಣು ಎಂಟು. ಗಿರಾಕಿಗಳೂ ಹಾಗೇ ಹೇಳುತ್ತಿದ್ದರು, ಮರದ ಚೌಕಟ್ಟುಗಳನ್ನೂ ಹಾಗೇ ಮಾಡುತ್ತಿದ್ದರು. ಮೀಟರು ಎಂಬುದು ಬಟ್ಟೆ ಅಂಗಡಿಯ ಮಾತು ಎಂದು ಅವಳು ತಿಳಿದಿದ್ದಳು.

ಅಂಗಡಿಯ ಎದುರಿಗೇ, ಲಾರಿಯೊಂದು ಕಷ್ಟಪಟ್ಟು ಹೋಗುವಷ್ಟು ಅಗಲದ ಬೀದಿಯ ಆಚೆ, ಮೂರಂತಸ್ತಿನ ಹಳೆಯ ಕಟ್ಟಡ. ಇಟ್ಟಿಗೆಯ ಗೋಡೆ, ಮರದ ಕಂಬ, ಮರದ ತೊಲೆ. ಒಂದು ಕಾಲಕ್ಕೆ ಧಾನ್ಯದ ಗೋದಾಮಾಗಿತ್ತಂತೆ. ಈಗ ಅಲ್ಲಿ ಹೊಲಿಗೆ ಕಾರ್ಖಾನೆ. ಕೆಳಗೆ ಬಟ್ಟೆಯ ಬೇಲುಗಳು, ನಡುವಿನ ಅಂತಸ್ತಿನಲ್ಲಿ ಬಟ್ಟೆ ಕತ್ತರಿಸುವ ಮೇಜುಗಳು ಮತ್ತು ಮ್ಯಾನೇಜರರ ಕೋಣೆ, ಮೇಲೆ ಸಾಲು ಸಾಲು ಹೊಲಿಗೆ ಯಂತ್ರಗಳು. ಯಂತ್ರಗಳೆಲ್ಲ ಒಟ್ಟಿಗೆ ಓಡುವಾಗ ಗಾಜಿನಕ್ಕನ ಅಂಗಡಿಯಲ್ಲಿ ಒರಗಿಸಿಟ್ಟ ಗಾಜಿನ ಹಾಳೆಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು.

ಅವಳ ನಾದಿನಿ, ಎಂದರೆ ಗಂಡನ ತಂಗಿ, ಅಲ್ಲೇ ಮೇಲಿನ ಹಾಲಿನಲ್ಲಿ ಕಾಲರು ಹೊಲಿಯುತ್ತಿದ್ದಳು. ಕಟ್ಟಿಕೊಂಡವನನ್ನು ಬಿಟ್ಟು ಬಂದು ಅಣ್ಣನ ಮನೆ ಸೇರಿದ್ದವಳು. ಬಂದ ಹೊಸದರಲ್ಲಿ ಊಟದ ತಟ್ಟೆಯನ್ನೂ ಕೇಳಿ ತೆಗೆದುಕೊಳ್ಳುತ್ತಿದ್ದಳು. ಕೆಲಸ ಸಿಕ್ಕ ಮೇಲೆ ಅತ್ತಿಗೆಯ ಮೇಲೆ ದನಿ ಎತ್ತುವಷ್ಟು ಸುಧಾರಿಸಿದ್ದಳು. ಗಾಜಿನಕ್ಕನಿಗೆ ಅದರಿಂದ ಒಳಗೊಳಗೇ ಖುಷಿಯೇ ಆಗಿತ್ತು.

ಹೊಲಿಗೆ ಕಾರ್ಖಾನೆಗೆ ಹೊರಗಿನ ಪರೀಕ್ಷಕರು ಬಂದು, ಹಳೆಯ ಗಾಜುಗಳು ಒಡೆದರೆ ಕತ್ತಿಯ ಹಾಗೆ ಬೀಳುತ್ತವೆ, ಎಲ್ಲ ಬದಲಾಯಿಸಿ ಎಂದು ಹೇಳಿ ಹೋದರು. ಕೆಲಸ ಗಾಜಿನಕ್ಕನಿಗೆ ಬಂತು. ಹಾಕಬೇಕಾದ್ದು ಟಫನ್ ಗ್ಲಾಸು. ಬೆಂಕಿಯಲ್ಲಿ ಕಾಯಿಸಿ ಗಟ್ಟಿ ಮಾಡಿದ್ದು, ಒಡೆದರೆ ಹರಳು ಹರಳಾಗಿ ಉದುರುತ್ತದೆ. ಒಂದೇ ತೊಂದರೆ, ಅದನ್ನು ಆಮೇಲೆ ಕೊಯ್ಯುವಂತಿಲ್ಲ. ಕಂಪನಿಗೆ ಅಳತೆ ಕಳಿಸಬೇಕು, ಅವರು ಮಾಡಿ ಕಳಿಸಿದ್ದನ್ನು ಹಾಗೇ ಕೂರಿಸಬೇಕು. ಕಂಪನಿಯವರಿಗೆ ಅಳತೆ ಮೀಟರಿನಲ್ಲೇ ಬೇಕು.

“ಮೀಟರಾ? ಕರೆಂಟಿನ ಮೀಟರಾ?” ಎಂದ ಗಂಡ.

ಕಾರ್ಖಾನೆಯ ಮ್ಯಾನೇಜರ್ ಒಳ್ಳೆಯ ಮನುಷ್ಯ. ಫೋನಿನಲ್ಲೇ ತಾಳ್ಮೆಯಿಂದ ಬಿಡಿಸಿ ಹೇಳಿದ. “ಅಕ್ಕಾ, ಕಷ್ಟ ಏನಿಲ್ಲ. ಎಷ್ಟು ಇಂಚು ಇದೆಯೋ ಅದನ್ನ ಸೊನ್ನೆ ಪಾಯಿಂಟ್ ಸೊನ್ನೆ ಎರಡು ಐದು ನಾಲ್ಕರಿಂದ ಗುಣಿಸಿ. ಮೀಟರು ಬರುತ್ತೆ.”

ಬೀದಿಯಲ್ಲಿ ಲಾರಿಯೊಂದು ಹಿಂದೆ ಸರಿಯುತ್ತ ಅರಚುತ್ತಿತ್ತು. ಎರಡು, ಐದು ಕೇಳಿಸಿತು. ನಾಲ್ಕು ಲಾರಿಯ ಪಾಲಾಯಿತು. ಕಟ್ಟಡದ ಕಿಟಕಿಗಳೆಲ್ಲ ಒಂದೇ ಅಳತೆಯವು, ಅಗಲ ಮೂವತ್ತಾರು ಇಂಚು, ಎತ್ತರ ನಲವತ್ತೆಂಟು. ಅವಳು ಗುಣಿಸಿದಳು. ಅಗಲ ಸೊನ್ನೆ ಪಾಯಿಂಟ್ ಒಂಬತ್ತು ಬಂತು, ಎತ್ತರ ಒಂದು ಪಾಯಿಂಟ್ ಎರಡು. ಬಾಲಂಗೋಚಿಯಿಲ್ಲದ ಅಂಕಿ ನೋಡಿ ಅವಳಿಗೆ ಹಿಗ್ಗಾಯಿತು. “ನೋಡ್ರೀ, ಲೆಕ್ಕ ಸರಿ ಇದ್ರೆ ಹೀಗೆ ದುಂಡಗೆ ಬರುತ್ತೆ” ಎಂದು ಗಂಡನಿಗೆ ತೋರಿಸಿದಳು.

ಗಾಜುಗಳು ಬಂದವು. ಮೊದಲನೆಯದನ್ನು ಎತ್ತಿ ಚೌಕಟ್ಟಿಗೆ ಹಿಡಿದಾಗ ಅದು ಆಚೆಗೇ ಬೀಳುವಂತಾಯಿತು. ಎತ್ತರದಲ್ಲಿ ಮುಕ್ಕಾಲು ಇಂಚು ಮೋಟು, ಅಗಲದಲ್ಲಿ ಅರ್ಧಕ್ಕಿಂತ ಜಾಸ್ತಿ. ಎರಡನೆಯದೂ ಹಾಗೇ, ಎಲ್ಲವೂ ಹಾಗೇ. ಹೊಲಿಯುತ್ತಿದ್ದ ಹೆಂಗಸರು ಯಂತ್ರ ನಿಲ್ಲಿಸಿ ನೋಡಿದರು. ನಾದಿನಿ ಮಾತ್ರ ತಲೆ ಎತ್ತಲಿಲ್ಲ; ಅವಳ ಕಿವಿ ಕೆಂಪಾಗಿತ್ತು.

ಮ್ಯಾನೇಜರ್ ಬೈಯಲಿಲ್ಲ. ಹೊಸ ಗಾಜು ತರಿಸಿಕೊಟ್ಟ. ಸರಿಯಾಗಿ ಗುಣಿಸಿದಾಗ ಅಗಲ 0.914 ಮತ್ತೊಂದಿಷ್ಟು, ಎತ್ತರ 1.219 ಮತ್ತೊಂದಿಷ್ಟು ಬಂತು; ಸುತ್ತಲೂ ಸ್ವಲ್ಪ ಸಡಿಲ ಬಿಟ್ಟು ಮಾಡಿಸಿದ ಗಾಜುಗಳು ಅಚ್ಚುಕಟ್ಟಾಗಿ ಕೂತವು. ಆದರೆ ಹೆಸರು ಕೆಟ್ಟಿತ್ತು. “ಏನಕ್ಕಾ, ನಾಲ್ಕು ನುಂಗಿ ನೀರು ಕುಡಿದ್ರಂತೆ?” ಎಂದು ತರಕಾರಿಯವನೂ ಕೇಳಿದ. ಅವಳು ನಕ್ಕಳು. ರಾತ್ರಿ ಪಾತ್ರೆ ತೊಳೆಯುವಾಗ ಮಾತ್ರ, ಯಾರೂ ಕೇಳದಿದ್ದರೂ, ಎರಡು ಐದು ನಾಲ್ಕು, ಎರಡು ಐದು ನಾಲ್ಕು ಎಂದು ಗೊಣಗುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ ಒಂದು ಗಾಜು ಸಿಡಿಯಿತು. ಮೇಲಿನ ಹಾಲಿನಲ್ಲಿ, ಮೆಟ್ಟಿಲ ಕಡೆಯ ಕೊನೆಯ ಕಿಟಕಿ. ಕಲ್ಲು ಬಿದ್ದಿರಲಿಲ್ಲ, ಹಕ್ಕಿ ಬಡಿದಿರಲಿಲ್ಲ. ಪಟಾಕಿಯಂಥ ಸದ್ದು, ಆಮೇಲೆ ಹರಳುಗಳು ಉಪ್ಪು ಸುರಿದಂತೆ ನೆಲಕ್ಕೆ ಸುರಿದವಂತೆ. ಟಫನ್ ಗ್ಲಾಸು ಒಮ್ಮೊಮ್ಮೆ ತಾನಾಗಿ ಸಿಡಿಯುವುದುಂಟು, ಒಳಗೆ ಏನಾದರೂ ಕಸ ಸೇರಿದ್ದರೆ. ಗಾಜಿನಕ್ಕ ಹಾಗೇ ಹೇಳಿ, ಹೊಸದನ್ನು ತರಿಸಿದಳು. ಅದೇ ಅಳತೆ. ಹಿಂದೆ ಕೂತಿದ್ದ ಅಳತೆ.

ಅದು ಕೂರಲಿಲ್ಲ.

ಕೆಳಗಿನ ಮೂಲೆ ಸೇರಿದರೆ ಮೇಲಿನ ಮೂಲೆ ಚೌಕಟ್ಟಿಗೆ ಕಚ್ಚುತ್ತಿತ್ತು. ಅವಳು ಟೇಪು ಹಿಡಿದಳು. ಅಗಲ ಮೂವತ್ತಾರು, ಎತ್ತರ ನಲವತ್ತೆಂಟು. ಗಾಜನ್ನು ಅಳೆದಳು, ಅದೂ ಸರಿ. ಎರಡೂ ಸರಿಯಿದ್ದ ಮೇಲೆ ಒಂದರೊಳಗೊಂದು ಯಾಕೆ ಕೂರುವುದಿಲ್ಲ? ಹಿಂದಿನ ಸಾಲಿನಿಂದ ಯಾರೋ, “ಈ ಸಲ ಐದು ನುಂಗಿದ್ರೋ ಏನೋ” ಎಂದರು. ಕಿಲಕಿಲ ನಗು ಹರಡಿತು.

ಅವಳಿಗೆ ತನ್ನ ಲೆಕ್ಕದ ಮೇಲೇ ಸಂಶಯ ಬಂತು. ಬೇರೇನನ್ನೂ ಅವಳು ಯೋಚಿಸಲಿಲ್ಲ. ಮನೆಗೆ ಬಂದು ಗುಣಾಕಾರವನ್ನು ಮತ್ತೆ ಮತ್ತೆ ಮಾಡಿದಳು, ಬಂದದ್ದು ಅದೇ. ಕೊನೆಗೆ, ಇಂಚಿಗೂ ಮೀಟರಿಗೂ ಎಲ್ಲೋ ಚೂರು ಹೊಂದಿಕೆಯಾಗುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಎರಡೂ ಕಡೆ ಸ್ವಲ್ಪ ಕಮ್ಮಿ ಮಾಡಿ ಗಾಜು ಮಾಡಿಸಿದಳು. ಅದು ಕೂತಿತು. ಆದರೆ ಒಂದು ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು, ಪಕ್ಕದ ಮೂಲೆಯಲ್ಲಿ ಕೂದಲು ತೂರುವಷ್ಟೂ ಇಲ್ಲ. ಅವಳು ಸಂದಿಗೆ ಪುಟ್ಟಿ ಮೆತ್ತಿ, ಹೆಬ್ಬೆರಳಿನಿಂದ ನೀವಿ, ಕೈ ಒರೆಸಿಕೊಂಡು ಬಂದಳು. ಆಮೇಲೆ ಅದರ ಪಕ್ಕದ ಕಿಟಕಿ ಸಿಡಿಯಿತು, ಅದಾದ ಮೇಲೆ ಕೆಳಗಿನ ಅಂತಸ್ತಿನದು. ಎಲ್ಲವೂ ಮೆಟ್ಟಿಲ ಕಡೆಯವೇ. ಅವಳು ಎಲ್ಲದಕ್ಕೂ ಪುಟ್ಟಿ ಮೆತ್ತಿದಳು.

ಒಂದು ಮಧ್ಯಾಹ್ನ ಗಾಜು ಹೊತ್ತು ಮೇಲೆ ಹೋಗುವಾಗ ನಡುವಿನ ಅಂತಸ್ತಿನಲ್ಲಿ ಬಡಗಿ ಸಿಕ್ಕ. ಬಾಗಿಲೊಂದನ್ನು ಕಳಚಿ ಮಲಗಿಸಿಕೊಂಡು ಅಂಚನ್ನು ಕೀಸುತ್ತಿದ್ದ. ಗಿಡ್ಡಗಿನ ಮನುಷ್ಯ, ಕಿವಿಯ ಮೇಲೆ ಯಾವಾಗಲೂ ಪೆನ್ಸಿಲು. ಬೀದಿಯ ಬಾಗಿಲುಗಳೆಲ್ಲ ಅವನ ಮಕ್ಕಳಿದ್ದ ಹಾಗೆ; ದಾರಿಯಲ್ಲಿ ಹೋಗುವಾಗ ಒಂದನ್ನಾದರೂ ತಟ್ಟಿ ಮಾತಾಡಿಸದೆ ಹೋದವನಲ್ಲ.

“ಏನಣ್ಣ, ಹೊಸ ಬಾಗಿಲಾ?”

“ಹೊಸದೆಲ್ಲಿ ಬಂತು. ಇದೇ ಬಾಗಿಲನ್ನ ಕೀಸ್ತಾನೇ ಇದೀನಿ. ಮಳೆಗೆ ಮರ ಉಬ್ಬಿದೆ ಅಂದೆ. ಮಳೆ ನಿಂತು ಎಷ್ಟು ದಿನ ಆಯ್ತು? ಈಗಲೂ ಉಬ್ಬುತ್ತೆ ಅಂದ್ರೆ ಮರಕ್ಕೆ ನಾಚಿಕೆ ಆಗಲ್ವಾ?” ಅವನು ನಗುತ್ತಲೇ ಹೇಳಿದ. ಆಮೇಲೆ ದನಿ ತಗ್ಗಿಸಿದ. “ಮೇಲ್ಗಡೆ ಮೂಲೆ ಮಾತ್ರ ಕಚ್ಚುತ್ತೆ ಅಕ್ಕಾ. ಉಬ್ಬೋ ಮರ ಒಂದೇ ಮೂಲೆಗೆ ಉಬ್ಬಲ್ಲ.”

“ಯಾರಿಗಾದ್ರೂ ಹೇಳಿದೀರಾ?”

“ಏನಂತ ಹೇಳ್ಲಿ? ನೀವು ಯಾರಿಗೆ ಹೇಳಿದ್ರಿ?”

ಅವಳ ಕೈಯಲ್ಲಿದ್ದ ಗಾಜು ಭಾರವಾಯಿತು. ಮೇಲೆ ಹೋಗಿ ಅದನ್ನು ಗೋಡೆಗೆ ಒರಗಿಸಿದಳು. ಅಂಗಡಿಗೆ ಬಂದ ಹೊಸದರಲ್ಲಿ ಗಂಡ ಒಂದು ಮಾತು ಹೇಳಿಕೊಟ್ಟಿದ್ದ: ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೆ ಅಡ್ಡಡ್ಡ ಹಿಡಿ, ಎರಡೂ ಅಡ್ಡ ಸಮ ಬಂದರೆ ಚೌಕಟ್ಟು ನೆಟ್ಟಗಿದೆ ಅಂತ. ಮೂವತ್ತಾರಕ್ಕೆ ನಲವತ್ತೆಂಟಿನ ಕಿಟಕಿಗೆ ಅದು ಸರಿಯಾಗಿ ಅರವತ್ತು ಇಂಚು ಬರಬೇಕು. ಒಂದೇ ಅಳತೆಯ ಕಿಟಕಿಗಳೆಂದು ಇಲ್ಲಿ ಅವಳು ಆ ಗೋಜಿಗೆ ಹೋಗಿರಲಿಲ್ಲ.

ಈಗ ಹಿಡಿದಳು. ಒಂದು ಅಡ್ಡ ಅರವತ್ತೂ ಕಾಲು ಇಂಚು. ಇನ್ನೊಂದು ಅರವತ್ತಕ್ಕೆ ಕಾಲು ಕಮ್ಮಿ.

ಪಕ್ಕದ ಕಿಟಕಿಗೂ ಹಿಡಿದಳು, ಅದೂ ಹಾಗೇ. ಹಾಲಿನ ಆ ತುದಿಯ ಕಿಟಕಿಗೆ ಹೋಗಿ ಹಿಡಿದಳು. ಅಲ್ಲಿ ಎರಡೂ ಅರವತ್ತೇ. ಅವಳು ಟೇಪು ಸುತ್ತಿಕೊಂಡಳು. ಲೆಕ್ಕ ತಪ್ಪಿರಲಿಲ್ಲ. ಕಿಟಕಿ ಓರೆಯಾಗಿತ್ತು, ಅದನ್ನು ಹಿಡಿದುಕೊಂಡಿದ್ದ ಗೋಡೆ ಮೆಟ್ಟಿಲ ಕಡೆಗೆ ವಾಲುತ್ತಿತ್ತು. ಅದರ ಕೆಳಗೆ ಹೆಂಗಸರು ತಲೆ ಬಗ್ಗಿಸಿ ತೋಳು ಹೊಲಿಯುತ್ತಿದ್ದರು, ಕಾಲರು ಹೊಲಿಯುತ್ತಿದ್ದರು.

ಮ್ಯಾನೇಜರರ ಕೋಣೆಯ ಬಾಗಿಲು ಒಳಗಿನಿಂದ ಅವನೇ ಭುಜ ಕೊಟ್ಟು ತಳ್ಳಿದ ಮೇಲೆ ತೆರೆಯಿತು. ಅವಳು ಕಂಡದ್ದನ್ನು ಹೇಳಿದಳು. ಅವನು ಎಲ್ಲ ಕೇಳಿಸಿಕೊಂಡ, ಮುಖ ಒರೆಸಿಕೊಂಡ.

“ಎಷ್ಟು ವ್ಯತ್ಯಾಸ ಅಂದ್ರಿ?”

“ಅಡ್ಡಕ್ಕೂ ಅಡ್ಡಕ್ಕೂ ಅರ್ಧ ಇಂಚು.”

“ಇರಿ, ಮೀಟರಿಗೆ ಹಾಕೋಣ.” ಅವನು ಕಂಪ್ಯೂಟರಿನಲ್ಲಿ ಕುಟ್ಟಿದ. ಸೊನ್ನೆ ಪಾಯಿಂಟ್ ಸೊನ್ನೆ ಒಂದು ಎರಡು ಏಳು. ದುರಸ್ತಿಯ ಪಟ್ಟಿಯಲ್ಲಿ ಎರಡು ಸ್ಥಾನಕ್ಕಷ್ಟೇ ಜಾಗ. ಅದು ತಾನಾಗಿ 0.01 ಆಗಿ ನಿಂತಿತು. ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಇಬ್ಬರೂ ಆ ಅಂಕಿಯನ್ನು ನೋಡುತ್ತ ಕೂತರು.

“ನೋಡಿ ಅಕ್ಕಾ, ಮೀಟರಲ್ಲಿ ನೋಡಿದ್ರೆ ಏನೂ ಇಲ್ಲ.”

ಅರ್ಧ ಇಂಚು ಎಂದಾಗ ಇದ್ದ ಹೆದರಿಕೆ, ಆ ಸೊನ್ನೆಗಳನ್ನು ನೋಡಿ ಸ್ವಲ್ಪ ಇಳಿಯಿತು. ಒಂದು ಮೀಟರಿನ ನೂರರಲ್ಲಿ ಒಂದು ಪಾಲು. ಅಷ್ಟಕ್ಕೆ ಯಾರಾದರೂ ಹೆದರುತ್ತಾರೆಯೇ? ಅವಳಿಗೆ ಹಾಗೆ ಅನ್ನಿಸಬೇಕಾಗಿತ್ತು, ಅನ್ನಿಸಿತು.

“ಇಂಜಿನಿಯರನ್ನ ಕರೆಸ್ತೀನಿ. ಈ ಬಟ್ಟೆ ಲೋಡು ಒಂದು ಹೋಗ್ಲಿ” ಎಂದ ಮ್ಯಾನೇಜರ್. ಅವನ ಹಣೆಯ ಮೇಲೆ ಬೆವರಿತ್ತು. ಫ್ಯಾನು ಜೋರಾಗಿಯೇ ತಿರುಗುತ್ತಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಅವಳು ನಾದಿನಿಗೆ ಹೇಳಿದಳು. “ನಾಳೆಯಿಂದ ಒಂದಷ್ಟು ದಿನ ಹೋಗ್ಬೇಡ ಕಣೆ. ಆ ಗೋಡೆ ಸರಿ ಇಲ್ಲ.”

“ಗೋಡೆನಾ?” ನಾದಿನಿ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. “ನಿಮಗೆ ಗಾಜು ಕೂರಿಸೋಕೆ ಬರಲಿಲ್ಲ ಅಂದ್ರೆ ಗೋಡೆ ಸರಿ ಇಲ್ವಾ ಅತ್ತಿಗೆ? ಮೊದಲು ನಾಲ್ಕು ನುಂಗಿದ್ರಿ, ಈಗ ನನ್ನ ಕೆಲಸ ನುಂಗ್ತೀರಾ?”

“ನಾನೇ ಅಳೆದು ನೋಡಿದೀನಿ.”

“ಅವತ್ತೂ ನೀವೇ ಅಳೆದಿದ್ರಿ.”

ಗಂಡ ಇಬ್ಬರನ್ನೂ ನೋಡಿದ. ಬಾಯಿ ತನ್ನದು ಎಂದಿದ್ದವನ ಬಾಯಿಂದ ಅವತ್ತು ಒಂದು ಮಾತೂ ಹೊರಡಲಿಲ್ಲ. ನಾದಿನಿ ಕೈ ತೊಳೆದು ಎದ್ದುಹೋದಳು.

ಆಮೇಲಿನ ದಿನಗಳಲ್ಲಿ ಗಾಜಿನಕ್ಕನಿಗೆ ಕೆಲಸದಲ್ಲಿ ಮನಸ್ಸಿರಲಿಲ್ಲ. ಅಂಗಡಿಯಲ್ಲಿ ಹಾಳೆಗಳು ಗುಂಯ್‌ಗುಟ್ಟಿದರೆ ತಲೆ ಎತ್ತಿ ಎದುರಿನ ಕಟ್ಟಡ ನೋಡುವಳು. ಗುಂಯ್‌ಗುಡದೆ ನಿಂತರೆ ಓಡಿಬಂದು ಬಾಗಿಲಲ್ಲಿ ನಿಲ್ಲುವಳು. ಕಟ್ಟಡ ಹೇಗಿತ್ತೋ ಹಾಗೇ ಇತ್ತು. ಗೋಡೆಯ ಮೇಲೆ ಒಂದು ಬಿರುಕೂ ಕಾಣುತ್ತಿರಲಿಲ್ಲ. ಯಾರೋ ಹೊಸದಾಗಿ ಸುಣ್ಣ ಬಳಿದಿದ್ದರು. ಕಾರ್ಖಾನೆ ಬಿಟ್ಟು ಹೆಂಗಸರು ಹೊರಬರುವಾಗ ನಾದಿನಿಯ ಮುಖ ಕಾಣುವ ತನಕ ಅವಳು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಕಂಡ ಮೇಲೆ ನಾದಿನಿ ಮುಖ ತಿರುಗಿಸಿಕೊಂಡು ಹೋಗುವಳು.

ಲೋಡು ಹೋಯಿತು, ಇನ್ನೊಂದು ಬಂತು. ಇಂಜಿನಿಯರ್ ಬರಲಿಲ್ಲ. ಮೇಲಿನ ಕಿಟಕಿಯೊಂದು ಮತ್ತೆ ಸಿಡಿಯಿತು, ಅವಳಿಗೆ ಮತ್ತೆ ಕರೆ ಬಂತು. ಬೇರೆಯವರನ್ನು ಕರೆಸಿಕೊಳ್ಳಿ ಎನ್ನಬಹುದಿತ್ತು. ನಾದಿನಿ ಅಲ್ಲೇ ಕೂತಿದ್ದಳಲ್ಲ, ಅದಕ್ಕೇ ಹೋದಳು.

ಊಟದ ಹೊತ್ತು. ಯಂತ್ರಗಳು ನಿಂತಿದ್ದವು, ಹೆಂಗಸರು ನೆಲದ ಮೇಲೆ ಗುಂಪುಗುಂಪಾಗಿ ಕೂತು ಡಬ್ಬಿ ಬಿಚ್ಚಿದ್ದರು. ಆ ಹಾಲು ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಎಲ್ಲೋ ತೊಲೆಯೊಳಗೆ ಮರ ಕಿರಕ್ಕೆಂದಿತು, ಮುದುಕರು ಕುರ್ಚಿಯಲ್ಲಿ ಕೂತು ಏಳುವಾಗಿನ ಸದ್ದಿನ ಹಾಗೆ. ಯಾರೂ ಗಮನಿಸಲಿಲ್ಲ. ಅವಳು ಟೇಪು ಬಿಚ್ಚಿ ಖಾಲಿ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಹಿಡಿದಳು. ಅರವತ್ತೂವರೆ. ಇನ್ನೊಂದು ಅಡ್ಡ ಐವತ್ತೊಂಬತ್ತೂವರೆ. ಅರ್ಧ ಇದ್ದದ್ದು ಒಂದು ಇಂಚಾಗಿತ್ತು.

ಅವಳು ಸೊನ್ನೆ ಪಾಯಿಂಟ್ ಸೊನ್ನೆ ಎರಡು ಐದು ನಾಲ್ಕು ಎಂದುಕೊಂಡಳು, ಬಾಯಿಪಾಠದ ಹಾಗೆ. ಈ ಸಲ ಆ ಸೊನ್ನೆಗಳಿಂದ ಯಾವ ಸಮಾಧಾನವೂ ಸಿಗಲಿಲ್ಲ.

“ಅತ್ತಿಗೆ, ಊಟ ಮಾಡಿದ್ರಾ?” ಹಿಂದೆ ನಾದಿನಿ ನಿಂತಿದ್ದಳು. ಎಷ್ಟೋ ದಿನಗಳ ಮೇಲೆ ತಾನಾಗಿ ಆಡಿದ ಮಾತು. ಕೈಯಲ್ಲಿ ಡಬ್ಬಿಯ ಮುಚ್ಚಳ, ಅದರಲ್ಲಿ ಎರಡು ತುತ್ತಿನಷ್ಟು ಅನ್ನ.

ಗಾಜಿನಕ್ಕ ಉತ್ತರ ಕೊಡುವ ಮೊದಲೇ ಪಕ್ಕದ ಕಿಟಕಿಯ ಗಾಜಿನಲ್ಲಿ ಬಿಳಿಯ ಬಲೆಯೊಂದು ಫಕ್ಕನೆ ಹರಡಿತು. ಸದ್ದು ಆಮೇಲೆ ಬಂದಂತಿತ್ತು. ಇಬ್ಬರೂ ಅದನ್ನು ಕಣ್ಣಾರೆ ಕಂಡರು. ಯಾರೂ ಮುಟ್ಟಿರಲಿಲ್ಲ, ಗಾಳಿಯೂ ಬೀಸಿರಲಿಲ್ಲ. ಹರಳುಗಳು ನಾದಿನಿಯ ಕಾಲ ಬೆರಳುಗಳ ತನಕ ಉರುಳಿಕೊಂಡು ಬಂದವು. ನಾದಿನಿ ಅವನ್ನು ನೋಡಿದಳು, ಓರೆ ಚೌಕಟ್ಟನ್ನು ನೋಡಿದಳು, ಅತ್ತಿಗೆಯ ಮುಖ ನೋಡಿದಳು.

“ಈಗ ಎಷ್ಟಿದೆ?” ಎಂದು ಪಿಸುಗುಟ್ಟಿದಳು.

“ಒಂದು ಇಂಚು.”

ನಾದಿನಿ ಮುಚ್ಚಳವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ತಿರುಗಿ, ಚಾವಣಿ ಹಾರಿಹೋಗುವಂತೆ ಕಿರುಚಿದಳು: “ಹೊಗೆ! ಹೊಗೆ ಬರ್ತಾ ಇದೆ! ಇಳೀರಿ, ಎಲ್ಲರೂ ಇಳೀರಿ!”

ಗೋಡೆ ವಾಲುತ್ತಿದೆ ಎಂದಿದ್ದರೆ ಹೆಂಗಸರು ಎದ್ದು ಗೋಡೆ ನೋಡುತ್ತ ನಿಲ್ಲುತ್ತಿದ್ದರು. ಹೊಗೆ ಎಂದಾಗ ಯಾರೂ ನಿಲ್ಲಲಿಲ್ಲ. ಡಬ್ಬಿಗಳು ಉರುಳಿದವು. ಮೆಟ್ಟಿಲ ಕಡೆ ನುಗ್ಗಿದವರನ್ನು ಗಾಜಿನಕ್ಕ ಕೈ ಚಾಚಿ ತಡೆದು, “ಈ ಕಡೆ ಬೇಡ, ಹಿಂದಿನ ಮೆಟ್ಟಿಲು, ಹಿಂದಿನದು!” ಎಂದು ತಳ್ಳಿದಳು. ಕತ್ತರಿಸುವ ಮೇಜುಗಳವರೂ ಸೇರಿಕೊಂಡು ಎಲ್ಲರೂ ಬೀದಿಗೆ ಬಿದ್ದರು. ಹೊಗೆ ಎಲ್ಲಿ ಎಂದು ತಲೆ ಎತ್ತಿ ಹುಡುಕಿದರು. ಆಕಾಶ ತಿಳಿಯಾಗಿತ್ತು.

ಮ್ಯಾನೇಜರ್ ಕೊನೆಯವನಾಗಿ ಬಂದ. ಸುಳ್ಳು ಎಂದು ತಿಳಿದ ಮೇಲೂ ಅವನು ರೇಗಲಿಲ್ಲ. ನಾದಿನಿಯ ಮುಂದೆ ನಿಂತೇ ಜೇಬಿನಿಂದ ಫೋನು ತೆಗೆದು ಇಂಜಿನಿಯರಿಗೆ ಮಾಡಿದ. ಅವನ ತುಟಿ ಬಿಳಿಚಿಕೊಂಡಿತ್ತು. ತಿಂಗಳುಗಳಿಂದ ಆ ಫೋನು ಮಾಡಲು ಹೆದರಿಕೊಂಡೇ ಇದ್ದವನೆಂದು ಗಾಜಿನಕ್ಕನಿಗೆ ಆಗ ತಿಳಿಯಿತು.

ಇಂಜಿನಿಯರ್ ಹೆಂಗಸು. ಮಾತು ಕಮ್ಮಿ. ಒಳಗೆ ಹೋಗಿ ಬೇಗನೆ ಹೊರಬಂದಳು. ಬಂದವಳೇ ಬಾಗಿಲಿಗೆ ಅಡ್ಡಪಟ್ಟಿ ಕಟ್ಟಿಸಿದಳು, ಬೀದಿಯ ಆ ತುದಿಯಲ್ಲಿ ಲಾರಿಗಳನ್ನು ನಿಲ್ಲಿಸಿದಳು. ಯಂತ್ರಗಳನ್ನು ಆಮೇಲೆ ಹಿಂದಿನ ಕಡೆಯಿಂದ, ಅವಳು ಎದುರು ನಿಂತಿರುವಾಗಲೇ, ಒಂದೊಂದಾಗಿ ಇಳಿಸಿದರು. ಕಾರ್ಖಾನೆ ದೂರದ ಬಡಾವಣೆಗೆ ಹೋಯಿತು. ಹೋಗಿಬರಲು ಆಗದ ಹೆಂಗಸರು ಕೆಲಸ ಬಿಟ್ಟರು. ನಾದಿನಿಯನ್ನು ಅವರು ಕರೆಯಲೇ ಇಲ್ಲ.

ಕಟ್ಟಡ ಬೀಳಲಿಲ್ಲ. ವಾರಗಳು ಕಳೆದವು, ಅದು ಅಲ್ಲೇ ನಿಂತಿತ್ತು. ಗಾಜಿಲ್ಲದ ಕಿಟಕಿಗಳು ಅಂಗಡಿಯ ಕಡೆಗೇ ಬಾಯಿ ತೆರೆದುಕೊಂಡಿದ್ದವು. ಕೆಲಸ ಕಳೆದುಕೊಂಡವಳೊಬ್ಬಳು ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ನಿಂತು, “ಎಲ್ಲಿ ಅಕ್ಕಾ, ಇವತ್ತಾದ್ರೂ ಬೀಳುತ್ತಾ ನಿಮ್ಮ ಗೋಡೆ?” ಎಂದು ಕೇಳುತ್ತಿದ್ದಳು. ಗಾಜಿನಕ್ಕ ತಲೆ ಬಗ್ಗಿಸಿ ಗಾಜು ಒರೆಸುತ್ತಿದ್ದಳು. ಬೀಳಲಿ ಎಂದು ಅವಳು ಬಯಸಿದ್ದಳೇ? ಒಮ್ಮೊಮ್ಮೆ ಬಯಸಿದ್ದಳು. ಬಯಸಿದ ಮರುಕ್ಷಣ ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದಳು. ನಾದಿನಿ ಅಂಗಡಿಗೆ ಬಂದು ಗಾಜಿನ ಇನ್ನೊಂದು ತುದಿ ಹಿಡಿಯತೊಡಗಿದ್ದಳು. ಒಬ್ಬರನ್ನೊಬ್ಬರು ಆ ವಿಷಯ ಕೇಳುತ್ತಿರಲಿಲ್ಲ.

ಕಟ್ಟಡದ ಮಾಲೀಕ ಒಳಗಿನ ಮರವನ್ನಾದರೂ ಉಳಿಸಿಕೊಳ್ಳಬೇಕೆಂದು ನೋಡುತ್ತಿದ್ದ. ಹಳೆಯ ಕಾಲದ ಗಟ್ಟಿ ಬಾಗಿಲುಗಳು, ಈಗ ಅಂಥ ಮರ ಸಿಗುವುದಿಲ್ಲ. ಇಂಜಿನಿಯರ್ ಬೇಡವೆಂದಿದ್ದಳು, ಬಾಗಿಲಿಗೆ ಇಟ್ಟಿದ್ದ ಕಾವಲಿನವನು ಮಾತ್ರ ಕಂಡೂ ಕಾಣದಂತಿರಲು ಒಪ್ಪಿದ, ಬಡಗಿಗೆ ಕರೆ ಹೋಯಿತು. ಬಡಗಿ ಹತಾರದ ಚೀಲ ಹೆಗಲಿಗೆ ಹಾಕಿಕೊಂಡು ಬಂದವನು, ಒಳಗೆ ಹೋಗುವ ಮೊದಲು ಗಾಜಿನಂಗಡಿಯ ಮುಂದೆ ನಿಂತ.

“ಎಲ್ಲಿಗಣ್ಣ?” ಎಂದಳು ಗಾಜಿನಕ್ಕ, ಗೊತ್ತಿದ್ದೂ.

“ನನ್ನ ಬಾಗಿಲು ಬಿಡಿಸ್ಕೊಂಡು ಬರ್ತೀನಿ. ಎರಡೇ ಬಾಗಿಲು.”

“ಬೇಡ. ನಿಮಗೇ ಗೊತ್ತಲ್ಲ ಅದು ಹೇಗಿದೆ ಅಂತ.”

“ಗೊತ್ತು.” ಅವನು ಎದುರಿನ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ, ಗಿರಾಕಿಯನ್ನು ನೋಡಿದ ಹಾಗೆ. “ಇಷ್ಟು ದಿನ ನಿಂತಿದೆ. ನಾನು ಹೋಗಿ ಬರೋಷ್ಟು ಹೊತ್ತು ನಿಲ್ಲಲ್ವಾ? ಈ ಬಾಗಿಲನ್ನ ಯಾರೋ ಸೌದೆ ಮಾಡ್ತಾರೆ ಅಕ್ಕಾ, ನನಗೆ ತಡೆಯೋಕಾಗಲ್ಲ.”

“ಅಣ್ಣ, ನನ್ನ ಮಾತು ಕೇಳಿ.”

“ಬಂದ ಮೇಲೆ ಕೇಳ್ತೀನಿ. ಚಹಾ ಇಟ್ಟಿರಿ.”

ಅವಳ ಗಂಡ ಸ್ಟೂಲಿನಿಂದ ಎದ್ದ. ನಡುಗುವ ಕೈಯಲ್ಲೇ ಬಡಗಿಯ ಚೀಲದ ಪಟ್ಟಿ ಹಿಡಿದುಕೊಂಡ. ಬಡಗಿ ನಕ್ಕು, ಮೆಲ್ಲಗೆ ಬೆರಳು ಬಿಡಿಸಿಕೊಂಡು ಬೀದಿ ದಾಟಿದ.

ಮೊದಲನೆಯ ಬಾಗಿಲನ್ನು ಅವನು ಹೊರಗೆ ತಂದು ಗೋಡೆಗೆ ಒರಗಿಸಿದ್ದನ್ನು ಎಲ್ಲರೂ ನೋಡಿದರು. ಎರಡನೆಯದಕ್ಕೆ ಒಳಗೆ ಹೋದ. ಒಳಗಿನಿಂದ ಸುತ್ತಿಗೆಯ ಪೆಟ್ಟು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. ಪೆಟ್ಟು ನಿಂತಿತು. ಗಾಜಿನಕ್ಕನ ಅಂಗಡಿಯಲ್ಲಿ, ಯಾವ ಯಂತ್ರವೂ ಓಡದಿದ್ದರೂ, ಒರಗಿಸಿಟ್ಟ ಹಾಳೆಗಳೆಲ್ಲ ಒಮ್ಮೆಲೇ ಗುಂಯ್ ಎಂದವು. ಅವಳು ಓಡಿದಳು. ನಾದಿನಿ ಹಿಂದಿನಿಂದ ಅವಳ ಸೆರಗನ್ನು ಎಳೆದು ಹಿಡಿಯದಿದ್ದರೆ ಬೀದಿ ದಾಟಿಯೇಬಿಡುತ್ತಿದ್ದಳು. ಮೆಟ್ಟಿಲ ಕಡೆಯ ಗೋಡೆ ಮೊದಲು ಕುಳಿತುಕೊಂಡಂತೆ ಕೆಳಗಿಳಿದು, ಆಮೇಲೆ ಒಳಕ್ಕೆ ಮಡಚಿಕೊಂಡಿತು. ಧೂಳು ಇಳಿಯುವ ತನಕ ಬೀದಿಯಲ್ಲಿ ಯಾರಿಗೂ ಯಾರ ಮುಖವೂ ಕಾಣಲಿಲ್ಲ.

ಬಡಗಿಯನ್ನು ಹೊರಗೆ ತೆಗೆಯುವ ಹೊತ್ತಿಗೆ ಉಸಿರಿರಲಿಲ್ಲ.

ಅವಶೇಷ ತೆಗೆದಾಗ ಆ ಮೂಲೆಯ ಅಡಿಯಲ್ಲಿ ಯಾವ ಕಾಲದಲ್ಲೋ ಮುಚ್ಚಿ ಮರೆತಿದ್ದ ಚರಂಡಿಯೊಂದು ಕಾಣಿಸಿತು. ನೀರು ವರ್ಷಾನುಗಟ್ಟಲೆ ಪಾಯದ ಮಣ್ಣನ್ನು ತೊಳೆದುಕೊಂಡು ಹೋಗಿತ್ತು. ಗೋಡೆ ನಿಂತಿದ್ದೇ ಹೆಚ್ಚು ಎಂದಳು ಇಂಜಿನಿಯರ್. ಅಡ್ಡಪಟ್ಟಿಯ ಬದಲು ಬಾಗಿಲಿಗೇ ಇಟ್ಟಿಗೆ ಕಟ್ಟಿಸಬೇಕಿತ್ತು ಎಂದು ಮತ್ತೆ ಮತ್ತೆ ಅಂದಳು. ಇವತ್ತಾದರೂ ಬೀಳುತ್ತಾ ಎಂದು ಕೇಳುತ್ತಿದ್ದ ಹೆಂಗಸು ಅಂಗಡಿಯ ಮುಂದೆ ಹಾದುಹೋಗುವುದನ್ನು ಬಿಟ್ಟು ಸುತ್ತು ದಾರಿ ಹಿಡಿದಳು.

ಒಂದು ದಿನ ಬಡಗಿಯ ಹೆಂಡತಿ ಅಂಗಡಿಗೆ ಬಂದಳು. ಸ್ಟೂಲಿನಲ್ಲಿದ್ದ ಗಾಜಿನಕ್ಕನ ಗಂಡ ಎದ್ದು ಜಾಗ ಬಿಟ್ಟುಕೊಟ್ಟ. ಅವಳು ಕೂರಲಿಲ್ಲ.

“ಒಂದು ಮಾತು ಕೇಳ್ಬೇಕಿತ್ತು ಅಕ್ಕಾ. ಎಲ್ಲರೂ ಹೇಳ್ತಾರೆ, ಪಾಪ, ಗೊತ್ತಿಲ್ದೆ ಹೋಗ್ಬಿಟ್ಟ ಅಂತ. ಗೋಡೆ ಬೀಳೋ ಹಾಗಿದೆ ಅಂತ ನಮ್ಮನೆಯವರಿಗೆ ಗೊತ್ತಿತ್ತಾ?”

ಗಾಜಿನಕ್ಕ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ಗೊತ್ತಿರಲಿಲ್ಲ ಎಂದರೆ ಈ ಹೆಂಗಸಿಗೆ ಹಗುರಾಗಬಹುದು ಎನ್ನಿಸಿತು. ಮ್ಯಾನೇಜರರ ಕೋಣೆಯ ಪರದೆಯ ಮೇಲಿದ್ದ ಸೊನ್ನೆಗಳು, ಅವುಗಳಿಂದ ತಾನು ಪಡೆದ ಸಮಾಧಾನ ನೆನಪಾದವು.

“ಗೊತ್ತಿತ್ತಮ್ಮ” ಎಂದಳು. “ನನಗಿಂತ ಮೊದಲೇ ಅವರಿಗೆ ಗೊತ್ತಿತ್ತು. ಬೇಡ ಅಂದ್ವಿ. ಬಾಗಿಲು ಸೌದೆ ಆಗೋದನ್ನ ನೋಡೋಕಾಗಲ್ಲ ಅಂದ್ರು, ಹೋದ್ರು.”

ಬಡಗಿಯ ಹೆಂಡತಿ ಸ್ಟೂಲಿನ ಮೇಲೆ ಕುಸಿದು ಕೂತು, ಮೊದಲ ಸಲ ಎಂಬಂತೆ ಜೋರಾಗಿ ಅತ್ತಳು. “ಹುಚ್ಚ! ಮನೆ ಬಾಗಿಲ ಚಿಲಕ ಹಾಕೋಕೆ ನಾಲ್ಕು ಸಲ ಹೇಳಿಸ್ಕೊಳ್ತಾ ಇದ್ದ. ಊರಿನ ಬಾಗಿಲಿಗೆ ಪ್ರಾಣ ಕೊಟ್ಟ” ಎಂದಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, “ಸುಳ್ಳು ಹೇಳಲಿಲ್ಲ ನೀವು. ಒಳ್ಳೇದಾಯ್ತು” ಎಂದಳು.

ನಾದಿನಿ ಒಳಗಿನಿಂದ ನೀರು ತಂದು ಕೊಟ್ಟಳು. ಬಡಗಿಯ ಹೆಂಡತಿ ಲೋಟ ಖಾಲಿ ಮಾಡಿ ಎದ್ದಳು. ಎದುರಿಗೆ ಬಯಲಾಗಿದ್ದ ಜಾಗದ ಕಡೆ ನೋಡಲಿಲ್ಲ, ಬೀದಿಯ ಈ ಬದಿಗೇ ನಡೆದುಹೋದಳು. ಗಾಜಿನಕ್ಕ ಅವಳು ತಿರುವಿನಲ್ಲಿ ಮರೆಯಾಗುವ ತನಕ ಬಾಗಿಲಲ್ಲಿ ನಿಂತಿದ್ದು, ಒಳಗೆ ಬಂದು, ಅರ್ಧಕ್ಕೆ ಬಿಟ್ಟಿದ್ದ ಗಾಜಿನ ಇನ್ನೊಂದು ತುದಿ ಹಿಡಿಯುವಂತೆ ನಾದಿನಿಗೆ ಕಣ್ಣಿನಲ್ಲೇ ಹೇಳಿದಳು.